ಸುಪಾರಿ ಹಂತಕನ ಸುಸ್ತು

ಎಡವಟ್ಟುಗಳಿಗೆ ನನ್ನ ಮೇಲೆ ಏನೋ ಮಮತೆ. ಪುಣೆಯಲ್ಲಿ ಇಷ್ಟೊಂದು ಜನ ಇದ್ದರೂ ಅವು ಹುಡುಕಿಕೊಂಡು ನನ್ನ ಹತ್ತಿರವೇ ಬರುತ್ತವೆ, ಅದೂ ನಾನು ದಣಿದು ಕೂತ ಹೊತ್ತು ನೋಡಿ. ನಿವೃತ್ತಿಯ ಹೊಸ್ತಿಲಲ್ಲಿ ನಾನು ಕೊಲೆಗಾರನಾದದ್ದೂ ಹೀಗೆಯೇ.

ಮುಖ ನೋಡಿ ಮಣೆ

ಹೆಂಡತಿ ಹರಕೆ ತೀರಿಸಲು ವಿಜಯಪುರದ ಕಡೆ ಊರಿಗೆ ಹೋಗಿದ್ದಳು. ಕರೆತರಲು ಸ್ವಾರಗೇಟ್ ಬಸ್ ನಿಲ್ದಾಣಕ್ಕೆ ಹೋದರೆ ಬಸ್ಸು ತಡ. ಅವಳೊಡನೆ ಫೋನಿನಲ್ಲಿ ಮಾತು ಮುಗಿಸಿ ಬೆಂಚಿನ ಮೇಲೆ ತೂಕಡಿಸುತ್ತಿದ್ದೆ. ಕಣ್ಣು ಬಿಟ್ಟರೆ ಗಡ್ಡದ ತರುಣನೊಬ್ಬ ನನ್ನ ಮುಖವನ್ನೇ ದಿಟ್ಟಿಸುತ್ತ ನಿಂತಿದ್ದ. ಕಿಸೆ ಮುಟ್ಟಿ ನೋಡಿಕೊಂಡೆ.

"ಸರ್, ನೀವು ಕನ್ನಡದವರು ಅಂತ ಫೋನಲ್ಲಿ ಮಾತಾಡ್ತಿದ್ದಾಗ ಗೊತ್ತಾಯ್ತು. ನಾನು ಬೆಂಗಳೂರು. ಇಲ್ಲಿ ಐಟಿ ಕೆಲಸ ಬಿಟ್ಟು ಒಂದು ಡಾರ್ಕ್ ಕಾಮಿಡಿ ಸಿನಿಮಾ ಮಾಡ್ತಾ ಇದೀನಿ. ಸುಪಾರಿ ತಗೊಂಡು ಕೊಲೆ ಮಾಡೋನ ಕಥೆ. ನೀವೇ ನನ್ನ ಕಿಲ್ಲರ್."

"ತಮ್ಮಾ, ನಾ ಖಡಕಿಯೊಳಗ ಒಂದ ಕಂಪನಿಯಾಗ ಗುಮಾಸ್ತ ಅದೀನಿ. ಇರುವಿ ಸತ್ತರೂ ಮರಗೂ ಪೈಕಿ."

"ಅದೇ ಬೇಕು ಸರ್. ನನ್ನ ಕಿಲ್ಲರ್‌ಗೆ ಕೊಲೆ ಮಾಡಿ ಮಾಡಿ ಸಾಕಾಗಿದೆ. ರಿಟೈರ್ ಆಗ್ಬೇಕು, ಯಾರೂ ಬಿಡ್ತಿಲ್ಲ. ಆಡಿಷನ್‌ಗೆ ಬಂದೋರೆಲ್ಲ ಸುಸ್ತಾದ ಹಾಗೆ ಆಕ್ಟ್ ಮಾಡ್ತಾರೆ. ನೀವು ನಿಜವಾಗ್ಲೂ ಸುಸ್ತಾಗಿದೀರ."

ಇಷ್ಟು ವರ್ಷದ ನೌಕರಿಯಲ್ಲಿ ನನ್ನ ದಣಿವು ಒಬ್ಬ ಸಾಹೇಬರ ಕಣ್ಣಿಗೂ ಬಿದ್ದಿರಲಿಲ್ಲ. ಯಾವುದಕ್ಕೂ ಯಾರೂ ನನ್ನನ್ನು ಆರಿಸಿದ್ದೂ ಇಲ್ಲ. ಕಡೆಗೂ ಒಬ್ಬನಿಗೆ ಕಂಡಿತಲ್ಲ ಎಂದು ಸಂತೋಷದಿಂದ ಕಣ್ಣು ತುಂಬಿ ಬಂತು.

"ಹಾಂ, ಈ ಲುಕ್ ಬೇಡ ಸರ್," ಎಂದ ಅವನು. "ಮೊದಲಿನ ಲುಕ್ಕೇ ಚೆನ್ನಾಗಿತ್ತು."

ವಾರ ನೋಡಿ ಕೊಲೆ

ಮನೆಯಲ್ಲಿ ಸಿನಿಮಾದ ಮಾತು ಬಾಯಿಪಾಠ ಮಾಡಲು ಹೆಂಡತಿ ಬಿಡಳು, ಆಫೀಸಿನಲ್ಲಿ ಕೆಲಸ ಬಿಡದು. ಉಳಿದದ್ದು ಯೆರವಡಾದಿಂದ ಖಡಕಿಗೆ ಹೋಗುವ ಬಸ್ಸು. ಸುತ್ತ ಎಲ್ಲರೂ ಮರಾಠಿಯವರು, ನಮ್ಮ ಕನ್ನಡ ಯಾರಿಗೆ ತಿಳಿಯಬೇಕು ಎಂದು ಧೈರ್ಯವಾಗಿ ಗೊಣಗುತ್ತಿದ್ದೆ. "ಸುಪಾರಿ ಮುಟ್ಟಿತು. ಶುಕ್ರವಾರ ಅವನ ಕಥೆ ಮುಗಿಸುತ್ತೇನೆ. ನೋವಾಗದ ಹಾಗೆ."

ಮುಂದಿನ ಸೀಟಿನ ಹೆಂಗಸು ಮೆಲ್ಲಗೆ ತಿರುಗಿದಳು. ಕಟ್ಟಡದ ಕೆಲಸಕ್ಕೆ ಹೊರಟವಳು, ಮಡಿಲಲ್ಲಿ ಬುತ್ತಿಯ ಗಂಟು.

"ಅಣ್ಣಾರ, ಒಂದ ಮಾತ ಹೇಳ್ತೀನಿ, ತಪ್ಪ ತಿಳಕೋಬ್ಯಾಡ್ರಿ."

ಯಾರನ್ನೂ ಕೊಲ್ಲಬೇಡಿ ಎಂದು ಕೈ ಮುಗಿಯುತ್ತಾಳೆ, ಬಸ್ಸು ನೇರ ಪೊಲೀಸ್ ಚೌಕಿಗೆ ಹೋಗುತ್ತದೆ ಎಂದುಕೊಂಡೆ.

"ಶುಕ್ರವಾರ ಬ್ಯಾಡ್ರಿ," ಎಂದಳು. "ಲಕ್ಷ್ಮಿ ವಾರ ಅದ. ಶನಿವಾರ ಇಟ್ಕೋರಿ."

ಅಯ್ಯೋ ತಾಯಿ, ಇದು ಸಿನಿಮಾ ಎಂದು ನಾನು ಬಾಯಿ ಬಿಡುವಷ್ಟರಲ್ಲಿ ಅವಳ ಸ್ಟಾಪು ಬಂತು. ಇಳಿಯುತ್ತ ನನ್ನ ಮುಖವನ್ನು ಇನ್ನೊಮ್ಮೆ ನೋಡಿ ಅವಳಿಗೆ ಕನಿಕರವೇ ಬಂತು. "ಹೊಟ್ಟಿಪಾಡ್ರಿ. ಯಾರಿಗಿ ಬಿಟ್ಟದ!"

ಎಣ್ಣೆಯೂ ಚಟ್ನಿಯೂ

ಕೈಗೆ ರೂಢಿಯಾಗಲಿ ಎಂದು ನಿರ್ದೇಶಕ ಒಂದು ಆಟಿಕೆ ಪಿಸ್ತೂಲು ಕೊಟ್ಟಿದ್ದ. ಅದನ್ನು ಡಬ್ಬಿಯ ಚೀಲದಲ್ಲಿ ರೊಟ್ಟಿಯ ಕೆಳಗೆ ಇಟ್ಟುಕೊಂಡು ಓಡಾಡುತ್ತಿದ್ದೆ. ಒಂದು ಬೆಳಿಗ್ಗೆ ನಮ್ಮ ಕಂಪನಿಯ ಗೇಟಿನಲ್ಲಿ ವಾಚ್‌ಮನ್ ಚೀಲಕ್ಕೆ ಕೈ ಹಾಕಿದವನು ಪಿಸ್ತೂಲು ಹಿಡಿದೇ ಹೊರಗೆ ತೆಗೆದ. ಹಿಂದೆ ಸಾಲಿನಲ್ಲಿ ನಿಂತವರು ಚದುರಿ ಓಡಿದರು.

ವಾಚ್‌ಮನ್ ಮಾತ್ರ ಹೆದರಲಿಲ್ಲ. ಫೌಜಿನಿಂದ ನಿವೃತ್ತನಾಗಿ ಬಂದ ಮರಾಠಾ ಹಿರಿಯ ಅವನು. ತೂಗಿ ನೋಡಿದ, ನಳಿಗೆಯೊಳಗೆ ಇಣುಕಿದ, ಮೂಸಿದ. ಆಟಿಕೆ ಎಂದು ಅವನಿಗೆ ಆಗಲೇ ತಿಳಿದಿತ್ತು. ಆದರೂ ಮುಖ ಕೆಂಪಗಾಯಿತು. ನಾನು ನೌಕರಿಯ ಕೊನೆಯ ದಿನ ಬಂತೆಂದು ಕೈ ಮುಗಿದೆ.

"ಕಾಯ್ ಹೇ, ಕಾಕಾ!" ಎಂದು ಮರಾಠಿಯಲ್ಲಿ ಗದರಿದ. "ಇದೇನಿದು? ಆಯುಧಕ್ಕೆ ಎಣ್ಣೆ ಹಚ್ಚುತ್ತಾರೆ. ಶೇಂಗಾ ಚಟ್ನಿ ಹಚ್ಚುತ್ತಾರೇನು?"

ನಲ್ಲಿಯ ಹತ್ತಿರ ನಿಲ್ಲಿಸಿ ತೊಳೆಸಿದ ಮೇಲೆಯೇ ಒಳಗೆ ಬಿಟ್ಟ.

ಸಾಯೂಹಂಗಿಲ್ಲ

ಇದುವರೆಗಿನದು ನಗುವ ಮಾತು. ಕಷ್ಟ ಶುರುವಾದದ್ದು ಸಿನಿಮಾದ ಕೊನೆಯಲ್ಲಿ ನಾನು ಸಾಯುತ್ತೇನೆ ಎಂದು ಹೆಂಡತಿಗೆ ತಿಳಿದಾಗ. ಹೋದ ವರ್ಷ ನನ್ನ ಎದೆಗೆ ಸ್ಟೆಂಟ್ ಹಾಕಿದ್ದರು. ಆಸ್ಪತ್ರೆಯ ಬಾಗಿಲಲ್ಲಿ ಕೂತು ಅವಳು ಎಷ್ಟು ದೇವರಿಗೆ ಹರಕೆ ಹೊತ್ತಿದ್ದಳೋ, ಇನ್ನೂ ತೀರಿಸುತ್ತಲೇ ಇದ್ದಾಳೆ. ಅವಳ ಭಯ ನನಗೆ ಅರ್ಥವಾಗುತ್ತಿತ್ತು. ಪಾತ್ರ ಬಿಡಲೂ ಮನಸ್ಸಿರಲಿಲ್ಲ.

ನಿರ್ದೇಶಕ ಮನೆಗೇ ಬಂದ. ಅವಳು ಹೊಟ್ಟೆ ತುಂಬ ಊಟಕ್ಕೆ ಹಾಕಿದಳು. ಆಮೇಲೆ ಹೇಳಿದಳು: "ಕೊಲಿ ಎಷ್ಟರ ಮಾಡಸ್ಕೋರಿ, ನನ್ನ ತಕರಾರಿಲ್ಲ. ಅವರು ಮಾತ್ರ ಸಾಯೂಹಂಗಿಲ್ಲ."

"ಅಮ್ಮ, ಕ್ಲೈಮ್ಯಾಕ್ಸೇ ಅದು. ಬೇರೆಯವರಿಗೆ ಅಂತ ವಿಷ ಹಾಕಿದ ಟೀನ ತಾನೇ ಕುಡಿದುಬಿಡ್ತಾನೆ. ಸಾಯದಿದ್ರೆ ಸಿನಿಮಾನೇ ಇಲ್ಲ. ನೀವು ಬೇಡ ಅಂದ್ರೆ ಬೇರೆ ಯಾರನ್ನಾದ್ರೂ ಹಾಕ್ಕೋಬೇಕಾಗುತ್ತೆ."

"ದವಾಖಾನಿಗಿ ಹಾಕ್ರಿ. ಆಮ್ಯಾಲ ಆರಾಮ ಆಗ್ಲಿ."

"ಆಗ ಸಿನಿಮಾ ಮುಗಿಯೋದು ಹೇಗಮ್ಮ?"

"ಮುಗೀಲೇಬೇಕಂತ ಯಾರ ಹೇಳ್ಯಾರ?"

ನಾನು ಗೋಡೆಗೆ ಒರಗಿ ಕೂತಿದ್ದೆ. ನನ್ನ ಸಾವಿನ ವಿಷಯದಲ್ಲಿ ನನ್ನನ್ನು ಯಾರೂ ಕೇಳಲಿಲ್ಲ. ನನ್ನ ಮುಖ ನೋಡಿ ಕಡೆಗೆ ಅವಳೇ ಸ್ವಲ್ಪ ಸಡಿಲಾದಳು. ಷರತ್ತು ಹಾಕಿದಳು: ಅಮಾವಾಸ್ಯೆ ಬೇಡ, ಮಂಗಳವಾರ ಬೇಡ, ನನ್ನ ಫೋಟೋಕ್ಕೆ ಹಾರ ಹಾಕುವಂತಿಲ್ಲ, ಬಳೆ ಒಡೆದುಕೊಂಡು ಅಳುವ ಹೆಂಡತಿಯ ಪಾತ್ರ ಇರಕೂಡದು, ಸಾಯುವ ಹೊತ್ತಿಗೆ ತಾನು ಅಲ್ಲೇ ನಿಂತಿರಬೇಕು. ಹುಡುಗ ಎಲ್ಲದಕ್ಕೂ ತಲೆಯಾಡಿಸಿದ.

ಮೆಟ್ಟಿಲು ಇಳಿಯುವಾಗ ನನ್ನ ಭುಜ ಮುಟ್ಟಿ ಹೇಳಿದ: "ಸರ್, ನಿಮ್ಮ ಮುಖದಲ್ಲಿ ಆ ಸುಸ್ತು ಎಲ್ಲಿಂದ ಬಂತು ಅಂತ ಈಗ ಗೊತ್ತಾಯ್ತು."

ಸತ್ತ ಮೇಲೆ

ಸಿನಿಮಾದವರಲ್ಲಿ ಒಂದು ಪದ್ಧತಿ ಇದೆ. ಸತ್ತವನ ಪಾತ್ರ ಮಾಡಿದವನು ಶಾಟ್ ಮುಗಿದ ಕೂಡಲೇ ಕಣ್ಣು ಬಿಟ್ಟು ಕ್ಯಾಮೆರಾ ನೋಡಿ ನಗಬೇಕು. ಅವನು ನಕ್ಕ ಮೇಲೆಯೇ ಕ್ಯಾಮೆರಾ ಬಂದ್. ಸುಳ್ಳು ಸಾವು ನಿಜವಾಗದಿರಲಿ ಎಂದು. ಇದನ್ನು ಕೇಳಿ ಹೆಂಡತಿಗೆ ಸಿನಿಮಾದವರ ಮೇಲೆ ಮೊದಲ ಸಲ ಗೌರವ ಬಂತು.

ಯೆರವಡಾದ ಒಂದು ಹಳೆಯ ಮನೆಯಲ್ಲಿ ಶೂಟಿಂಗ್. ಬೆಳಗಿನಿಂದ ಶಾಟ್‌ಗಾಗಿ ಚಹಾ ಕುಡಿದು ಕುಡಿದು ಬೀಳುತ್ತಿದ್ದೆ. ಸಂಜೆಯ ಹೊತ್ತಿಗೆ ಮಂಚದ ಮೇಲೆ ಸಾಯುವ ಶಾಟ್. ಮೆತ್ತನೆಯ ಗಾದಿ, ಮೇಲೆ ಫ್ಯಾನು, ಎಲ್ಲರೂ ನನಗಾಗಿ ಸದ್ದಿಲ್ಲದೆ ನಿಂತಿದ್ದಾರೆ. ಇಂಥ ಸುಖ ನನಗೆ ಬದುಕಿನಲ್ಲಿ ಸಿಕ್ಕಿರಲಿಲ್ಲ. ಸತ್ತೆ. ಆಮೇಲಿನದು ಬೇರೆಯವರು ಹೇಳಿದ್ದು.

"ಸೂಪರ್ ಸರ್! ಈಗ ನಗಿ," ಎಂದನಂತೆ ನಿರ್ದೇಶಕ. ನಾನು ನಗಲಿಲ್ಲ. "ಸರ್, ಸಾಕು, ನಗಿ." ನಾನು ಅಲುಗಲಿಲ್ಲ. ಎಂಥ ನಟ ಎಂದು ಯಾರೋ ಮೆಚ್ಚಿದರಂತೆ. ಅಷ್ಟರಲ್ಲಿ ಹೆಂಡತಿ ವೈರು ದಾಟಿ, ದೀಪ ಸರಿಸಿ, ಮಂಚದ ಹತ್ತಿರ ಓಡಿ ಬಂದು ಎರಡು ಕೈಯಿಂದ ನನ್ನನ್ನು ಅಲುಗಾಡಿಸಿದಳು.

"ಏನ್ರೀ! ಏಳ್ರೀ! ನಿಮ್ಮ ಕಾಲಿಗಿ ಬೀಳ್ತೀನಿ, ಏಳ್ರೀ!"

ಕಣ್ಣು ಬಿಟ್ಟರೆ ಅವಳ ಬಿಳಿಚಿದ ಮುಖ, ನನ್ನ ಎದೆಯ ಮೇಲೆ ಅವಳ ಕೈ. ನಿದ್ದೆಯ ಮಂಪರಿನಲ್ಲಿ ನನಗೆ ಅದು ಮನೆಯೇ ಅನ್ನಿಸಿತು. ದಿನಾ ಬೆಳಿಗ್ಗೆ ಕೇಳುವುದನ್ನೇ ಕೇಳಿದೆ.

"ಚಾ ಆತೇನು?"

ವಿಷದ ಚಹಾ ಕುಡಿದು ಸತ್ತವನ ಬಾಯಲ್ಲಿ ಈ ಮಾತು ಕೇಳಿ ಲೈಟ್ ಹಿಡಿದವನು ಲೈಟ್ ಸಮೇತ ಕುಸಿದು ಕೂತ. ಹೆಂಡತಿ ಮಾತ್ರ ನಗಲಿಲ್ಲ. "ಮನ್ಯಾಗ ಗುಳಿಗಿ ತಗೊಂಡ್ರೂ ನಿದ್ದಿ ಹತ್ತಂಗಿಲ್ಲ, ಇಲ್ಲಿ ಸತ್ತಲ್ಲೇ ನಿದ್ದಿ ಹೊಡೀತೀರೇನು?" ಎಂದು ಬೈಯುತ್ತ ಬೈಯುತ್ತ ಅತ್ತಳು. ನನಗೂ ಅಳು ಬಂತು.

ನಿರ್ದೇಶಕ ತಲೆ ಮೇಲೆ ಕೈ ಇಟ್ಟುಕೊಂಡ. "ಅಮ್ಮಾ, ಕ್ಲೈಮ್ಯಾಕ್ಸಲ್ಲಿ ಅವರು ಸಾಯ್ಬೇಕಿತ್ತು!"

ನಾನಿನ್ನೂ ಕ್ಯಾಮೆರಾ ನೋಡಿ ನಕ್ಕಿರಲಿಲ್ಲ, ಹಾಗಾಗಿ ಅದು ಇದನ್ನೆಲ್ಲ ಸೆರೆ ಹಿಡಿಯುತ್ತಲೇ ಇತ್ತು. ಈಗ ಸಿನಿಮಾ ಮುಗಿಯುವುದು ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಕೊಟ್ಟ ಉತ್ತರದಿಂದಲೇ.

"ಸತ್ತಿದ್ದರಲ್ಲ, ತಮ್ಮಾ. ನಾ ಎಬ್ಬಿಸೀನಿ."