ಮೇಡಂ ಕೊಟ್ಟ ಸೊಪ್ಪಿನ ಪೆಟ್ಟು

ಬಿಳಿಯರ ಮದ್ದೆಂದರೆ ಸಿಹಿ ಲೇಪದ ಸಣ್ಣ ಗುಳಿಗೆ ಎಂದು ನಂಬಿಕೊಂಡಿದ್ದವನು ನಾನು. ಕಹಿ ಕಷಾಯ, ನಾರುವ ಎಣ್ಣೆ ಇವೆಲ್ಲ ನಮ್ಮ ಕಡೆಯವರ ಆವಿಷ್ಕಾರ. ಆ ನಂಬಿಕೆ ಕಳೆದ ಚಳಿಗಾಲದವರೆಗೂ ಬದುಕಿತ್ತು.

ಗಲ್ಫಿನ ಸಿಲಿಕಾನ್ ಓಯಸಿಸ್‌ನ ನಮ್ಮ ಆಫೀಸಿನಲ್ಲಿ ಎಸಿ ಗಾಳಿ ನೇರ ನನ್ನ ಮಂಡಿಗೇ ಬೀಸುತ್ತದೆ. ಮೀಟಿಂಗ್ ಮುಗಿದು ಎಲ್ಲರೂ ಹೊರಟ ಮೇಲೆ ನಾನು ಮೇಜು ಹಿಡಿದು ಮೆಲ್ಲಗೆ ಏಳುತ್ತಿದ್ದೆ. ಹೊಸಬರು ಇದನ್ನು ವಿನಯವೆಂದು ತಿಳಿದಿದ್ದರು. ಮ್ಯಾನೇಜರ್ ಸೂಸನ್ ಮೇಡಂ ಮಾತ್ರ ಮೋಸಹೋಗಲಿಲ್ಲ. ಇಂಗ್ಲೆಂಡಿನ ಹಳ್ಳಿಯ ಕಡೆಯವರು. "ನಮ್ಮಜ್ಜಿಯ ಗಿಡಮೂಲಿಕೆ ಮದ್ದಿದೆ. ಶನಿವಾರ ಹೆಂಡತಿಯನ್ನೂ ಕರೆದುಕೊಂಡು ಟೀಗೆ ಬನ್ನಿ" ಎಂದರು. ಇನ್‌ಕ್ರಿಮೆಂಟಿನ ತಿಂಗಳು. ಆಗುವುದಿಲ್ಲ ಎನ್ನುವ ಧೈರ್ಯ ಯಾರಿಗಿದೆ?

ಹೋದೆವು. ಮೊದಲು ಯಾವುದೋ ಸೊಪ್ಪಿನ ಚಹಾ ಬಂತು. ಹುಲ್ಲು ಕುದಿಸಿದ ರುಚಿ. ಆದರೂ "ಲವ್ಲಿ" ಎಂದೆ. ಆಮೇಲೆ ಮೇಡಂ ಬಾಲ್ಕನಿಯ ಕುಂಡದಿಂದ ಒಂದು ಸೊಪ್ಪನ್ನು ಹಿಡಿಯಷ್ಟು ಕತ್ತರಿಸಿ ತಂದು, "ಪ್ಯಾಂಟನ್ನು ಮಂಡಿಯವರೆಗೆ ಮಡಚಿ" ಎಂದರು. ಅವರು ದಪ್ಪ ಕೈಗವಸು ಹಾಕಿಕೊಂಡಾಗಲಾದರೂ ನನಗೆ ಹೊಳೆಯಬೇಕಿತ್ತು. ಹೊಳೆದದ್ದು ಕುಂದಾಪುರದವಳಾದ ನನ್ನ ಹೆಂಡತಿ ಸುನಂದಾಳಿಗೆ.

"ಅಯ್ಯೋ ರೀ, ಅದು ತುರಚೆ ಸೊಪ್ಪು!"

ಅಷ್ಟರಲ್ಲಿ ಪೆಟ್ಟು ಬಿದ್ದಾಗಿತ್ತು. ಮಂಡಿಗೆ ಬೆಂಕಿ ಹತ್ತಿದಂತಾಯಿತು. "ಅಮ್ಮಾ!" ಎಂದು ಕಿರುಚಿದೆ. ರಕ್ತ ಚಲಿಸುತ್ತಿರುವ ಲಕ್ಷಣವೆಂದು ಮೇಡಂ ಸಂತೋಷಪಟ್ಟು, ಇನ್ನೊಂದು ಮಂಡಿಗೂ ಬಾರಿಸಿದರು.

ಮುರಕ್ಕಬಾತ್‌ನ ನಮ್ಮ ಮನೆಗೆ ಟ್ಯಾಕ್ಸಿಯಲ್ಲಿ ಮರಳುವಾಗ ಸುನಂದಾಳ ಬಾಯಿ ಇನ್ನೂ ತೆರೆದೇ ಇತ್ತು. "ಊರಲ್ಲಿ ಇದು ಕಂಡ್ರೆ ದನ ಸಹ ದೂರ ಹೋಗ್ತದೆ. ಇವ್ರು ಕುಂಡದಲ್ಲಿ ಸಾಕ್ತಾರಲ್ಲ ಮಾರಾಯ್ರೆ!"

"ಹಾಗಾದ್ರೆ ಆ ಚಹಾ?"

"ಅದೂ ಇದೇ."

ನಾನು ಮಂಡಿ ಬಿಟ್ಟು ಗಂಟಲು ಹಿಡಿದುಕೊಂಡೆ.

ಸೋಮವಾರ ಮೇಡಂ ಎಲ್ಲರೆದುರು "ಹೇಗಿದೆ?" ಎಂದರು. ಪ್ಯಾಂಟಿನೊಳಗೆ ಕೆಂಪು ದದ್ದು, ಮುಖದಲ್ಲಿ ನಗು. "ತುಂಬಾ ಹಗುರ" ಎಂದೆ. ಕೂಡಲೇ ಅವರ ಕಣ್ಣು ಭುಜ ಹಿಡಿದುಕೊಂಡಿದ್ದ ಅಕೌಂಟ್ಸಿನ ಶೆಟ್ಟರ ಮೇಲೆ ಹೊರಳಿತು.

ಶೆಟ್ಟರು ನನ್ನ ಕಿವಿಯ ಬಳಿ ಬಂದು, "ಹೌದಾ ಮಾರಾಯ್ರೆ? ಉರೀತದಾ ಎಂಥಾದ್ರೂ?" ಎಂದು ಕೇಳಿದರು. ಮೇಡಂಗೆ ಕನ್ನಡ ಬಾರದು, ಆದರೆ ಮುಖ ಓದಲು ಬರುತ್ತದೆ.

"ಛೆ, ಎಂಥದೂ ಇಲ್ಲ. ಸ್ವಲ್ಪ ಬಿಸಿ ಆಗ್ತದೆ, ಅಷ್ಟೆ."

ಇದು ನನ್ನ ಬಾಯಿಂದಲೇ ಬಂದ ಮಾತೆಂದು ತಿಳಿದಾಗ ಆದ ಆಘಾತದ ಮುಂದೆ ತುರಚೆ ಏನೂ ಅಲ್ಲ.

ಶೆಟ್ಟರ ಮುಖ ಅರಳಿತು. "ಹಾಗಾದ್ರೆ ಶನಿವಾರ ನೀವೂ ಬನ್ನಿ, ನಂಗೆ ಧೈರ್ಯ" ಎಂದವರೇ, ತಿರುಗಿ ಮೇಡಂಗೂ ಇಂಗ್ಲಿಷಿನಲ್ಲಿ ಹೇಳಿಬಿಟ್ಟರು. ಮೇಡಂ ನನ್ನ ಬೆನ್ನು ತಟ್ಟಿದರು. ಗಿಡ ಈ ಸಲ ಇನ್ನೂ ಸೊಂಪಾಗಿ ಚಿಗುರಿದೆಯಂತೆ.