ತಳ ಒಂದೇ, ಷಡ್ಡಕರು ಇಬ್ಬರು

ಹೊಸ ಕಾರಿನ ಹೊಟ್ಟೆಯಲ್ಲಿ ಕಟಕಟ ಸದ್ದು ಬಂದದ್ದೇ ಎಲ್ಲ ಅನಾಹುತಕ್ಕೂ ಮೂಲ. ದರ್ಜಿ ಆ ಎತ್ತರದ ಕಾರನ್ನು ಕೊಂಡು ಎಂಟು ದಿನವಾಗಿತ್ತಷ್ಟೇ. ಕೊಂಡದ್ದಾದರೂ ಓಡಾಡಲಿಕ್ಕಲ್ಲ. ಹೆಂಡತಿಯ ತಂಗಿಯ ಗಂಡ, ಅಂದರೆ ಷಡ್ಡಕ, ತನ್ನ ಪುಟ್ಟ ಕಾರಿನಲ್ಲಿ ಬಂದಿಳಿದಾಗಲೆಲ್ಲ ಮಾವನ ಮುಖ ಅರಳುವುದನ್ನು ಹನ್ನೆರಡು ವರ್ಷ ನೋಡಿ ಹೊಟ್ಟೆ ಉರಿದುಹೋಗಿತ್ತು. ಇವತ್ತು ಸಂಜೆ ಇಬ್ಬರೂ ಕಾರು ನೋಡಲು ಬರುವವರಿದ್ದರು. ಕೊನೆಗೂ ದೊಡ್ಡಳಿಯ ತಲೆಯೆತ್ತುವ ದಿನ!

ಎದುರುಮನೆಯ ಮೆಕ್ಯಾನಿಕ್ ಕಾರಿನಡಿಯಿಂದ ತೆವಳಿಕೊಂಡು ಹೊರಬಂದ. “ಏನಿಲ್ಲ ಸಾರ್, ಚಕ್ರದ ಕೀಲಿಗೆ ಹಾಕೋ ಒಂದು ರಬ್ಬರ್ ಬುಷ್ ಹೋಗಿತ್ತು. ನಿಮ್ಮ ಷಡ್ಡಕರ ಕಾರಿಗೆ ಅಂತ ತರಿಸಿದ್ರಲ್ಲಿ ಎರಡು ಉಳಿದಿತ್ತು, ಒಂದು ಹಾಕಿದೀನಿ.”

“ಅವನ ಗುಬ್ಬಚ್ಚಿ ಕಾರಿಂದು ನನ್ನ ಕಾರಿಗೆ ಹೆಂಗಯ್ಯ ಕೂರತ್ತೆ?”

“ಎರಡೂ ಒಂದೇ ಪ್ಲಾಟ್‌ಫಾರ್ಮ್ ಅಲ್ವಾ ಸಾರ್!”

“ಯಾವ ಪ್ಲಾಟ್‌ಫಾರ್ಮು? ನಾನು ತಗೊಂಡಿದ್ದು ಷೋರೂಮಲ್ಲಿ!”

“ಅಯ್ಯೋ, ರೈಲಿಂದಲ್ಲ ಸಾರ್, ಕಾರಿನ ತಳ. ಮುಂದಿನ ಚಕ್ರದಿಂದ ಪೆಡಲ್‌ವರೆಗೆ ಅಳತೆ ಬದಲಾಗಲ್ಲ. ಹಿಂದೆ ಬೇಕಾದಷ್ಟು ಎಳೀತಾರೆ, ಮೇಲೆ ಬೇಕಾದ ಬಾಡಿ ಕೂರಿಸ್ತಾರೆ.”

ದರ್ಜಿಯ ತಲೆ ಗಿರ್ರೆಂದಿತು. ಹಾಗಾದರೆ ತಾನು ಇಷ್ಟು ದಿನ ಕೂತದ್ದು ಷಡ್ಡಕನ ಕಾರಿನಲ್ಲೋ, ಅವನು ಕೂತದ್ದು ತನ್ನ ಕಾರಿನಲ್ಲೋ? ಮಾವನಿಗೆ ಗೊತ್ತಾದರೆ ಗತಿಯೇನು?

“ಅದಕ್ಕೇನೀಗ?” ಎಂದಳು ಹೆಂಡತಿ. “ನೀವೂ ಒಂದೇ ರಟ್ಟಿನ ಅಚ್ಚಿಟ್ಟು ಊರಿಗೆಲ್ಲ ಅಂಗಿ ಕತ್ತರಿಸಲ್ವೇನ್ರಿ?”

“ಅದು ಅಂಗಿ ಕಣೇ, ಇದು ಮರ್ಯಾದೆ!”

ಮಧ್ಯಾಹ್ನದ ಹೊತ್ತಿಗೆ ಅವನು ಕಾರು ಅದಲುಬದಲು ಮಾಡುವ ಅಂಗಡಿಯಲ್ಲಿದ್ದ. “ಆ ತಳ ಇಲ್ಲದ್ದು ಯಾವುದಾದ್ರೂ ಕೊಡಿ.”

“ತಳ ಇಲ್ಲದ ಕಾರಾ?” ಅಂಗಡಿಯವನೂ ತಬ್ಬಿಬ್ಬಾದ. ಅರ್ಧ ಗಂಟೆ ಒಬ್ಬರ ಮಾತು ಒಬ್ಬರಿಗೆ ಅರ್ಥವಾಗಲಿಲ್ಲ. ಕಡೆಗೆ ಮೂಲೆಯಲ್ಲಿದ್ದ, ಸಾಮಾನು ಸಾಗಿಸುವ ವ್ಯಾನು ತೋರಿಸಿದ. ಹಿಂದೆ ಸೀಟಿಲ್ಲ, ಕಿಟಕಿಯಿಲ್ಲ, ಬಿಸ್ಕತ್ತಿನ ಡಬ್ಬದಂತಿತ್ತು. “ಕಂಪನಿಯೇ ಬೇರೆ ಸಾರ್,” ಎಂದ. ಅಷ್ಟು ಕೇಳಿದ್ದೇ ತಡ, ದರ್ಜಿ ಕಣ್ಣುಮುಚ್ಚಿ ಸಹಿ ಹಾಕಿದ.

ವ್ಯಾನು ನೋಡಿ ಹೆಂಡತಿ ಹಣೆ ಚಚ್ಚಿಕೊಂಡಳು. “ರೀ, ಅಪ್ಪನ್ನ ಮೂಟೆ ಥರ ಹಿಂದೆ ಹಾಕ್ಕೊಂಡು ಹೋಗ್ತೀರಾ?”

ಅಷ್ಟರಲ್ಲಿ ಹಾರ್ನ್ ಕೇಳಿಸಿತು. ಎತ್ತರದ ಕಾರೊಂದು ಬಂದು ನಿಂತು, ಷಡ್ಡಕ ಕೆಳಗಿಳಿದ.

“ಭಾವ, ನೀವು ದೊಡ್ಡ ಕಾರು ತಗೊಂಡ್ರಿ ಅಂತ ಕೇಳಿ, ಚಿಕ್ಕದರಲ್ಲಿ ಬರೋಕೆ ನಾಚಿಕೆ ಆಯ್ತು. ಬದಲಾಯಿಸೋಕೆ ಹೋದೆ. ನನ್ನ ಅದೃಷ್ಟ ನೋಡಿ, ಯಾರೋ ತಲೆಕೆಟ್ಟವನು ಎಂಟೇ ದಿನದ ಕಾರು ಬಿಟ್ಟುಹೋಗಿದ್ದ!”

ಹಿಂದಿನ ಸೀಟಿನಿಂದ ಮಾವ ಇಳಿದರು. ಅವರ ಕೈಯಲ್ಲಿ ದರ್ಜಿಯ ಅಳತೆಯ ಟೇಪು ನೇತಾಡುತ್ತಿತ್ತು. “ಅಳಿಯಂದ್ರೇ, ಸೀಟಲ್ಲಿ ಸಿಕ್ತು. ಇದು ನಿಮ್ಮದೇ ಅಲ್ವಾ?”

ದರ್ಜಿಗೆ ನೆಲ ಬಾಯಿಬಿಡಬಾರದೇ ಎನ್ನಿಸಿತು. ಆದರೂ ಸೋಲೊಪ್ಪದೆ, “ಹೌದು ಮಾವ, ನಾನೇ ಬಿಟ್ಟೆ. ಇದಕ್ಕೂ ಅವನ ಗುಬ್ಬಚ್ಚಿ ಕಾರಿಗೂ ತಳ ಒಂದೇ. ನನ್ನ ವ್ಯಾನಿಂದು ಬೇರೆ!” ಎಂದ.

ಎದುರುಮನೆಯ ಮೆಕ್ಯಾನಿಕ್ ಯಾರೂ ಕರೆಯದೆಯೇ ಬಂದು ಆಗಲೇ ವ್ಯಾನಿನಡಿ ನುಸುಳಿದ್ದ. ಅವನ ದನಿ ಖುಷಿಯಿಂದ ಕೇಳಿಬಂತು:

“ಸಾರ್! ಆ ಕಾರಿನ ಕಂಪನಿ, ಈ ವ್ಯಾನಿನ ಕಂಪನಿ ಎರಡೂ ಸೇರಿ ಮಾಡಿರೋ ಅದೇ ತಳ ಇದು! ಉಳಿದಿದ್ದ ಇನ್ನೊಂದು ಬುಷ್ ಇದಕ್ಕೂ ಸರಿಹೋಗತ್ತೆ!”