ಹತ್ತೋ ಮೂರ್ತಿ, ತಳ್ಳೋ ಮೂರ್ತಿ

ಓಂಕಾರಮೂರ್ತಿಯವರು ತೀರಿಕೊಂಡ ಸುದ್ದಿ ಬಂದಾಗ ವಿಷ್ಣುಮೂರ್ತಿ ಮೇಷ್ಟ್ರು ಅಂಗಳದಲ್ಲಿ ಕುಕ್ಕರುಗಾಲಲ್ಲಿ ಕುಳಿತು ಸೈಕಲ್ ಚೈನಿಗೆ ಎಣ್ಣೆ ಬಿಡುತ್ತಿದ್ದರು. ಸುದ್ದಿ ತಂದವನು ಎದುರು ಹೋಟೆಲಿನ ಶಿವಯ್ಯ. ಬಾಳೆಕಟ್ಟೆಯ ಯಾವ ಸುದ್ದಿಯೂ ಅವನ ಕಾಫಿ ಪಾತ್ರೆಯ ಹಬೆ ತಾಗದೆ ಮುಂದೆ ಹೋಗುತ್ತಿರಲಿಲ್ಲ.

"ಮೇಷ್ಟ್ರೇ, ಓಂಕಾರಮೂರ್ತಿಗಳು ಹೋಗ್ಬಿಟ್ರು."

"ಎಲ್ಲಿಗೆ, ಇಷ್ಟು ಬೇಗ? ಎಂಜಿನಿಯರನ್ನ ನನಗಿಂತ ಮುಂಚೆ ಹಿಡ್ಕೊಳ್ಳೋಕಾ?"

"ಅಲ್ಲ ಮೇಷ್ಟ್ರೇ. ತೀರ್ಕೊಂಡ್ರು. ನಿದ್ದೇಲೇ. ಸಂಜೆ ನಾಲ್ಕಕ್ಕೆ ಮಣ್ಣು."

ಮೇಷ್ಟ್ರ ಕೈಯಲ್ಲಿದ್ದ ಎಣ್ಣೆ ಡಬ್ಬಿ ಹಾಗೇ ಬಾಗಿಕೊಂಡಿತ್ತು. ಎಣ್ಣೆ ಚೈನು ಬಿಟ್ಟು ಅವರ ಪಾದದ ಮೇಲೆ ಸುರಿಯುತ್ತಿದ್ದುದು ಹೆಂಡತಿ ತುಂಗಾ ಬಂದು ಡಬ್ಬಿ ಕಿತ್ತುಕೊಂಡಾಗಲೇ ತಿಳಿದದ್ದು. ಮೂವತ್ತೆರಡು ವರ್ಷ ಪ್ರತಿ ಬೆಳಿಗ್ಗೆ ಕಂಡ ಮುಖ. ಎದೆಯಲ್ಲಿ ಏನೋ ಒಂದು ಕಳಚಿ ಬಿದ್ದಂತಾಯಿತು. ಅದರ ಬೆನ್ನಿಗೇ ಇನ್ನೊಂದು ಯೋಚನೆ ಬಂತು: ಹಾಗಾದರೆ ಇವತ್ತು ದಾರಿ ನನ್ನದೇ.

"ಕೃಷ್ಣ, ಕೃಷ್ಣ" ಎಂದು ಮೇಷ್ಟ್ರು ಕೆನ್ನೆಗೆ ಬಡಿದುಕೊಂಡರು. ಆದರೆ ಇಂಥ ಯೋಚನೆ ಊಟದ ಹೊತ್ತಿಗೆ ಬಂದ ನೆಂಟನ ಹಾಗೆ. ಕೈ ಮುಗಿದ ಮಾತ್ರಕ್ಕೆ ಎದ್ದು ಹೋಗುವುದಿಲ್ಲ.

ವಿಷಯ ಇಷ್ಟು. ವಸ್ತಾರೆ ಬಿಟ್ಟು ಮೂಡಿಗೆರೆ ಕಡೆಗೆ ಬರುವಾಗ ಸಿಗುವ ಈ ಬಾಳೆಕಟ್ಟೆಯಲ್ಲಿ ಪೇಟೆ ಕೆಳಗಿದೆ. ಶಾಲೆ, ಆಸ್ಪತ್ರೆ, ಕಚೇರಿಗಳೆಲ್ಲ ಗುಡ್ಡದ ಮೇಲಿವೆ. ನಡುವೆ ಗರಡಿ ಏರು. ಗೋಡೆಗೆ ಏಣಿ ಒರಗಿಸಿಟ್ಟಂಥ ರಸ್ತೆ. ಸೊಸೈಟಿಯಲ್ಲಿ ಗುಮಾಸ್ತರಾಗಿದ್ದ ಓಂಕಾರಮೂರ್ತಿ ಆ ಏರನ್ನು ದಿನವೂ ಸೈಕಲ್ಲಿನಿಂದ ಇಳಿಯದೆ ಹತ್ತುತ್ತಿದ್ದರು. ಡ್ರಾಯಿಂಗ್ ಮೇಷ್ಟ್ರಾಗಿದ್ದ ವಿಷ್ಣುಮೂರ್ತಿ ಮೂರನೇ ಲೈಟುಕಂಬದ ಹತ್ತಿರ ಇಳಿದು ತಳ್ಳುತ್ತಿದ್ದರು. ಊರಲ್ಲಿ ಇಬ್ಬರು ಮೂರ್ತಿಗಳಾದದ್ದರಿಂದ ಗುರುತಿಗೆ ಬೇಕಲ್ಲ. ಶಿವಯ್ಯ ಒಬ್ಬರಿಗೆ ಹತ್ತೋ ಮೂರ್ತಿ, ಇನ್ನೊಬ್ಬರಿಗೆ ತಳ್ಳೋ ಮೂರ್ತಿ ಎಂದು ನಾಮಕರಣ ಮಾಡಿದ. ಅಪ್ಪ ಇಟ್ಟ ಹೆಸರು ರೇಷನ್ ಕಾರ್ಡಿನಲ್ಲಿ ಮಾತ್ರ ಉಳಿಯಿತು.

ಮೇಷ್ಟ್ರ ಹೊಟ್ಟೆಯ ಉರಿ ಅಂದಿನದು. ಓಂಕಾರಮೂರ್ತಿಯ ಸೈಕಲ್ ಗಂಟೆ ಕೇಳಿದರೆ ಬಾಯಲ್ಲಿದ್ದ ಕಾಫಿ ಕಹಿಯಾಗುತ್ತಿತ್ತು. ತುಂಗಾ ಬೇರೆ, "ಅವರು ನಿಮಗಿಂತ ಎರಡು ವರ್ಷ ದೊಡ್ಡೋರು ಕಣ್ರೀ" ಎಂದು ಆಗಾಗ ಒಗ್ಗರಣೆ ಹಾಕುತ್ತಿದ್ದರು.

ಈ ವರ್ಷ ಚಿಕ್ಕಮಗಳೂರಿನಿಂದ ಒಂದು ಕಾಗದ ಬಂತು. ದಿನವೂ ಸೈಕಲ್ ತುಳಿಯುವವರಿಗಾಗಿ ಪೇಟೆಯಿಂದ ಶಾಲೆಯವರೆಗೆ ಒಂದು ಸುರಕ್ಷಿತ ದಾರಿ ಮಾಡುತ್ತಾರೆ, ಊರಿನವರೇ ದಾರಿ ಸೂಚಿಸಬೇಕು ಎಂದು. ಮೇಷ್ಟ್ರಿಗೆ ಹದಿನೆಂಟು ತುಂಬಿದಂತಾಯಿತು. ಎರಡು ವಾರ ರಸ್ತೆ ಪಕ್ಕ ಕುರ್ಚಿ ಹಾಕಿಕೊಂಡು ಸೈಕಲ್ಲುಗಳನ್ನು ಎಣಿಸಿದರು. ಶಾಲೆಯ ಹುಡುಗಿಯರು ಎಲ್ಲಿ ಇಳಿಯುತ್ತಾರೆ, ಲಾರಿ ಎಲ್ಲಿ ಹಿಂದಕ್ಕೆ ಬರುತ್ತದೆ, ಚರಂಡಿ ಚಪ್ಪಡಿಯ ಯಾವ ಸಂದಿಗೆ ಚಕ್ರ ಸಿಕ್ಕುತ್ತದೆ ಎಂದು ಬಣ್ಣದ ಪೆನ್ಸಿಲಿನಲ್ಲಿ ಗುರುತು ಹಾಕಿದರು. ಕೊನೆಗೆ ಕಾಫಿ ಬೀಜ ಹಸನು ಮಾಡುವ ಕ್ಯೂರಿಂಗ್ ಕಟ್ಟಡದ ಹಿಂದಿನಿಂದ ಬಳಸಿಕೊಂಡು ಹೋಗುವ ಒಂದು ಹಳೇ ಗಾಡಿದಾರಿಯನ್ನು ಹುಡುಕಿ ತೆಗೆದರು. ಅರ್ಧ ಮೈಲಿ ಸುತ್ತು ಹೌದು, ಆದರೆ ಎಲ್ಲೂ ಇಳಿಯಬೇಕಾಗಿಲ್ಲ. ಆ ದಾರಿ ಆದರೆ ಊರಲ್ಲಿ ತಳ್ಳೋರು ಎಂಬ ಜಾತಿಯೇ ಇರುವುದಿಲ್ಲ ಎಂಬುದು ಮೇಷ್ಟ್ರ ಗುಟ್ಟಿನ ಸಂತೋಷ.

ಓಂಕಾರಮೂರ್ತಿ ಮಾತ್ರ, "ನನ್ನ ಅಭಿಪ್ರಾಯ ಎಂಜಿನಿಯರ್ ಬಂದ ದಿನವೇ ಕೊಡ್ತೀನಿ" ಎಂದು ನಗುತ್ತಾ ಏರು ಹತ್ತಿದ್ದರು. ಎಂಜಿನಿಯರ್ ಬರುವ ದಿನ ಇವತ್ತೇ.

ಸಾವಿನ ಮನೆಯಲ್ಲಿ ಓಂಕಾರಮೂರ್ತಿಯವರನ್ನು ವಿಭೂತಿ ಬಳಿದು, ಹಾರ ಹಾಕಿ ಕೂರಿಸಿದ್ದರು. ಕುಳಿತ ಭಂಗಿಯಲ್ಲೂ ಈಗ ಪೆಡಲ್ ತುಳಿದಾರು ಅನ್ನುವ ಠೀವಿ. ಹೆಂಡತಿ ಶಂಕರಮ್ಮ ಪಕ್ಕದಲ್ಲಿ ಕುಳಿತಿದ್ದರು. ಮೇಷ್ಟ್ರು ಹೂವಿಟ್ಟು ಕೈ ಮುಗಿದಾಗ ನಿಜವಾಗಿಯೂ ಕಣ್ಣು ತುಂಬಿತು. ಅಷ್ಟಕ್ಕೇ ಹೊರಗೆ ಬಂದಿದ್ದರೆ ಈ ಕತೆ ಇರುತ್ತಿರಲಿಲ್ಲ. ಪಂಚಾಯ್ತಿ ಮೆಂಬರ್ ಉಮೇಶ್ ಅಡ್ಡ ಬಂದು, "ಮೇಷ್ಟ್ರು ಎರಡು ಮಾತು ಆಡ್ಬೇಕು" ಅಂದ.

ಸತ್ತವರ ಮುಂದೆ ಎರಡು ಮಾತು ಅಂದರೆ ನಾಲಿಗೆ ತಾನಾಗಿಯೇ ಹೋಗುವ ಕೆಲವು ದಾರಿಗಳಿವೆ. ಮೇಷ್ಟ್ರು ಗಂಟಲು ಸರಿಮಾಡಿಕೊಂಡು ಹೇಳಿದರು: "ಓಂಕಾರಮೂರ್ತಿಗಳು ದೊಡ್ಡ ಮನುಷ್ಯರು. ಅವರು ಹಾಕಿಕೊಟ್ಟ ದಾರಿಯಲ್ಲೇ ನಾವೆಲ್ಲ ಸಾಗಬೇಕು."

ಉಮೇಶ್ ಬಂದು ಮೇಷ್ಟ್ರ ಎರಡೂ ಕೈ ಹಿಡಿದುಕೊಂಡ. ಅವನ ಕಣ್ಣಲ್ಲಿ ನೀರು. "ನಿಮ್ಮಂಥೋರು ಇರ್ಬೇಕು ಮೇಷ್ಟ್ರೇ. ಅಷ್ಟು ಕಷ್ಟಪಟ್ಟು ನಕ್ಷೆ ಮಾಡಿದೋರು, ಅವರಿಗೋಸ್ಕರ ಬಿಟ್ಕೊಟ್ರಿ. ಕೇಳಿದ್ರೇನ್ರಪ್ಪಾ, ಗರಡಿ ಏರೇ ಸೈಕಲ್ ದಾರಿ. ಮೇಷ್ಟ್ರೇ ಒಪ್ಕೊಂಡ್ರು."

"ಅಲ್ಲ ಉಮೇಶ್, ನಾನು ಹೇಳಿದ್ದು ಜೀವನದ ದಾರಿ."

"ಅವರ ಜೀವನಾನೇ ಆ ದಾರಿ ಅಲ್ವಾ."

"ಆದರೆ ಅವರು ಕಾಗದ ಕೊಟ್ಟಿಲ್ಲ. ಅವರ ಮನಸ್ಸಲ್ಲಿ ಯಾವ ದಾರಿ ಇತ್ತೋ..."

"ಸಾವಿನ ಮನೇಲಿ ಕಾಗದ ಕೇಳೋಕಾಗುತ್ತಾ ಮೇಷ್ಟ್ರೇ? ಅವರ ದಾರಿ ಯಾವುದು ಅಂತ ಊರಿಗೇ ಗೊತ್ತು."

ಮೇಷ್ಟ್ರು ಹೊರಗೆ ಬಂದು ಸೈಕಲ್ ಹತ್ತಿದರು. ಪೇಟೆ ತಲುಪುವಷ್ಟರಲ್ಲಿ ಮಾತು ಅವರಿಗಿಂತ ಮುಂಚೆ ತಲುಪಿತ್ತು. ಶಿವಯ್ಯನ ಹೋಟೆಲಿನಲ್ಲಿ ದಾರಿಗೆ 'ಓಂಕಾರಮೂರ್ತಿ ಸೈಕಲ್ ಪಥ' ಎಂದು ಹೆಸರೂ ಇಟ್ಟಾಗಿತ್ತು.

"ಹೆಸರು ಚೆನ್ನಾಗಿದೆಯಲ್ವಾ ಮೇಷ್ಟ್ರೇ? ನಿಮ್ಮ ಹೆಸರಿಡೋಣ ಅಂತಾನೂ ಮಾತು ಬಂತು" ಅಂದ ಶಿವಯ್ಯ.

"ಹೌದಾ? ಮತ್ತೆ?"

"ನೀವು ಬದುಕಿದ್ದೀರಲ್ಲ."

ಅದನ್ನು ಒಂದು ಕೊರತೆ ಎಂಬಂತೆ ಹೇಳಿದ. ಮೇಷ್ಟ್ರು ಕಾಫಿ ಕುಡಿಯದೆ ಎದ್ದರು. ಬದುಕಿದ್ದಾಗಲೂ ಮುಂದೆ, ಸತ್ತ ಮೇಲೂ ಮುಂದೆ. ಕೆಲವರಿಗೆ ಎಲ್ಲದರಲ್ಲೂ ಇಳಿಜಾರು ಸಿಗುತ್ತದೆ.

ಹೊರಗೆ ಶಾಲೆಯ ಬಿಸಿಯೂಟದ ಕಲ್ಲಮ್ಮ ಕಾಯುತ್ತಿದ್ದಳು. ಮಗಳಿಗೆ ಶಾಲೆಯಲ್ಲಿ ಕೊಟ್ಟ ಸೈಕಲ್ಲನ್ನೇ ಈಗ ಅವಳು ತುಳಿಯುವುದು. ಕ್ಯಾರಿಯರಿನಲ್ಲಿ ತರಕಾರಿ ಮೂಟೆ.

"ಮೇಷ್ಟ್ರೇ, ನೀವೇ ಬಿಟ್ಕೊಟ್ರಂತೆ?"

"ಯಾರು ಹೇಳಿದ್ದು?"

"ಯಾರು ಹೇಳಿಲ್ಲ ಅಂತ ಕೇಳಿ. ಕ್ಯೂರಿಂಗ್ ಹಿಂದಿನ ದಾರಿ ಆದ್ರೆ ಮೂಟೆ ಇಟ್ಕೊಂಡು ತುಳ್ಕೊಂಡೇ ಹೋಗ್ಬೋದು ಅಂದ್ಕೊಂಡಿದ್ದೆ. ದಿನಾ ಈ ಏರಲ್ಲಿ ತಳ್ಳಿ ತಳ್ಳಿ ಸೊಂಟ ಹೋಯ್ತು. ಸತ್ತೋರ ಮೇಲಿನ ಗೌರವಕ್ಕೆ ನಮ್ಮ ಸೊಂಟ ಯಾಕೆ ಮೇಷ್ಟ್ರೇ?"

ಮೇಷ್ಟ್ರಿಗೆ ಬಲ ಬಂತು. ಈಗ ಇದು ತಮ್ಮ ಹೊಟ್ಟೆಕಿಚ್ಚಲ್ಲ, ಕಲ್ಲಮ್ಮನ ಸೊಂಟದ ಪ್ರಶ್ನೆ. "ನೀನು ಹೆದರ್ಬೇಡ. ಆ ಏರು ಸೈಕಲ್ಲಿಗೆ ಆಗೋದಲ್ಲ ಅಂತ ಇವತ್ತು ನಾನೇ ತೋರಿಸಿಕೊಡ್ತೀನಿ" ಎಂದು ಮಾತು ಕೊಟ್ಟರು.

ಹನ್ನೊಂದಕ್ಕೆ ಎಂಜಿನಿಯರ್ ಅಭಿರಾಮ ಜೀಪಿನಲ್ಲಿ ಬಂದ. ತೆಳ್ಳಗಿನ ಹುಡುಗ, ಕೈಯಲ್ಲಿ ಟೇಪು, ಕತ್ತಿನಲ್ಲಿ ಗುರುತಿನ ಚೀಟಿ. ಮೇಷ್ಟ್ರ ನಕ್ಷೆಯನ್ನು ಜೀಪಿನ ಬಾನೆಟ್ಟಿನ ಮೇಲೆ ಬಿಡಿಸಿ, "ಸರ್, ನಮ್ಮ ಆಫೀಸಲ್ಲೂ ಇಷ್ಟು ಚೆನ್ನಾಗಿ ಮಾಡಲ್ಲ" ಅಂದ. ಮೇಷ್ಟ್ರು ಉಬ್ಬಿದ ಪೂರಿಯಾದರು. ಅಷ್ಟರಲ್ಲಿ ಉಮೇಶ್ ಸಾವಿನ ಮನೆಯ ಮಾತನ್ನು ಹೇಳಿ ಪೂರಿಗೆ ಬೆರಳು ಹಾಕಿದ.

ಅಭಿರಾಮ ಯೋಚಿಸಿದ. "ಊರಿನ ಭಾವನೆ ಸರಿ. ಆದ್ರೆ ಆ ರಸ್ತೇಲಿ ಸಾಮಾನ್ಯ ಜನ ತುಳಿಯೋಕಾಗುತ್ತಾ ಅಂತ ನೋಡ್ಬೇಕಲ್ಲ. ಇವತ್ತೇ ವರದಿ ಕಳಿಸ್ಬೇಕು."

ಮೇಷ್ಟ್ರು ಕಾಯುತ್ತಿದ್ದ ಮಾತು ಅದು. "ನಾನು ತೋರಿಸ್ತೀನಿ ಬನ್ನಿ. ಅರವತ್ತೆಂಟು ವರ್ಷ. ನನಗಿಂತ ಸಾಮಾನ್ಯ ಯಾರಿದ್ದಾರೆ? ನಾನು ಎಲ್ಲಿ ಇಳೀತೀನೋ ನೋಡಿ ಬರ್ಕೊಳ್ಳಿ."

ಲೆಕ್ಕ ಸರಳ. ಮೂರನೇ ಕಂಬದ ಹತ್ತಿರ, ಮೂವತ್ತೆರಡು ವರ್ಷ ಮಾಡಿದಂತೆ, ಇಳಿಯುವುದು. ಏದುಸಿರು ಬಿಡುವುದು. ಆ ಕಂಬದ ಹತ್ತಿರವೇ ಗರಡಿ ಏರಿನ ಕತೆ ಮುಗಿಯಿತು.

ಮೇಷ್ಟ್ರು ಹೊರಟರು. ಹಿಂದೆ ಜೀಪು, ಜೀಪಿನಿಂದ ಮೊಬೈಲು ಹಿಡಿದ ಅಭಿರಾಮ. ಅದರ ಪಕ್ಕದಲ್ಲಿ ಹೋಟೆಲು ಬಿಟ್ಟು ಓಡಿಬಂದ ಶಿವಯ್ಯ, ಉಮೇಶ್, ಇನ್ನೂ ಹತ್ತು ಜನ. ಒಂದನೇ ಕಂಬ ದಾಟಿತು. ಎರಡನೆಯದು ದಾಟಿತು. ಮೂರನೆಯದು ಬಂತು. ಮೇಷ್ಟ್ರು ಬಲಗಾಲು ಎತ್ತಲು ಸಿದ್ಧರಾದರು.

"ನೋಡ್ತಿರಿ ಸರ್, ಈಗ ಇಳೀತಾರೆ" ಎಂದು ಹಿಂದಿನಿಂದ ಶಿವಯ್ಯನ ಮಾತು ಕೇಳಿಸಿತು. "ಇವರು ತಳ್ಳೋ ಮೂರ್ತಿ. ಹತ್ತೋರು ಬೆಳಿಗ್ಗೇನೇ ಹೋದ್ರು. ಅವರ ಹಾಗೆ ಹತ್ತೋ ಗಂಡಸು ಇನ್ನು ಈ ಊರಲ್ಲಿ ಹುಟ್ಟಲ್ಲ ಬಿಡಿ ಮಾರಾಯ್ರೇ."

ಎತ್ತಿದ ಕಾಲು ಪೆಡಲಿನ ಮೇಲೆ ಮತ್ತೆ ಕೂತಿತು. ಅದನ್ನು ಕೂರಿಸಿದ್ದು ತಾವಲ್ಲ ಎಂದು ಮೇಷ್ಟ್ರು ಆಮೇಲೆ ಹೆಂಡತಿಯೆದುರು ಆಣೆ ಮಾಡಿದರು. ಮೂವತ್ತೆರಡು ವರ್ಷದ ಉರಿ ಹೊಟ್ಟೆಯಿಂದ ತೊಡೆಗೆ ಇಳಿಯಿತು. ನಾಲ್ಕನೇ ಕಂಬ. ಸೈಕಲ್ಲು ಕಬ್ಬಿನ ಗಾಣದ ಹಾಗೆ ಕಿರುಗುಟ್ಟಿತು. ತಿರುವಿನಲ್ಲಿ ಕಣ್ಣಿಗೆ ಸಿಲ್ವರ್ ಓಕ್ ಮರಗಳು ಎರಡೆರಡಾಗಿ ಕಂಡವು; ಜೀಪು ಬೆನ್ನಿಗೇ ಇತ್ತು. ಬಾಯಲ್ಲಿ ವಿಷ್ಣು ಸಹಸ್ರನಾಮ ಶುರುವಾಗಿ, ಉಸಿರು ಸಾಲದೆ, ಹೆಸರುಗಳೆಲ್ಲ ಒಂದೇ ಅಕ್ಷರಕ್ಕೆ ಇಳಿದವು. ಕೊನೆಯ ಹತ್ತು ಮಾರು ಅವರು ಹತ್ತಿದರೋ, ದೇವರೇ ಬೇಸತ್ತು ಎಳೆದುಕೊಂಡನೋ, ಹೇಳುವುದು ಕಷ್ಟ. ಅಂತೂ ಶಾಲೆಯ ಗೇಟಿನ ಮುಂದೆ ಚಕ್ರ ಸಮನೆಲ ಮುಟ್ಟಿದಾಗ ಅವರ ಕಾಲು ಪೆಡಲಿನ ಮೇಲೇ ಇತ್ತು.

ಶಾಲೆಯ ಮಕ್ಕಳು ಚಪ್ಪಾಳೆ ತಟ್ಟಿದರು. ಓಡಿಬಂದ ಶಿವಯ್ಯ ಮೊದಲ ಸಲ ಬಾಯಿ ತೆರೆದು ಏನೂ ಹೇಳದೆ ಮುಚ್ಚಿದ. ಮೇಷ್ಟ್ರು ಗೇಟು ಹಿಡಿದು ನಿಂತು, ಒಂದು ನಿಮಿಷ, ಈ ಜಿಲ್ಲೆಯಲ್ಲೇ ಅತ್ಯಂತ ಸುಖಿಯಾದ ಮನುಷ್ಯರಾಗಿದ್ದರು.

ಆ ನಿಮಿಷದಲ್ಲಿ ಅಭಿರಾಮ ಬರೆದು ಮುಗಿಸಿದ್ದ. ಗಟ್ಟಿಯಾಗಿ ಓದಿದ: "ಅರವತ್ತೆಂಟು ವರ್ಷದ ಹಿರಿಯರು ಎಲ್ಲೂ ಇಳಿಯದೆ ಹತ್ತಿದರು. ದಿನಬಳಕೆಯ ಸೈಕಲ್ಲಿಗೆ ಗರಡಿ ಏರು ಯೋಗ್ಯ. ವಿಡಿಯೋ ಲಗತ್ತಿಸಿದೆ." ತಲೆಯೆತ್ತಿ, "ಕಳಿಸಿಬಿಟ್ಟೆ ಸರ್" ಅಂದ.

ಮೇಷ್ಟ್ರು ಬೇಡ ಎಂದು ಕೈ ಆಡಿಸಿದರು; ಮಾತಾಡಲು ಉಸಿರಿರಲಿಲ್ಲ. ಉಮೇಶ್ ಅದನ್ನು ಸಂತೋಷ ಎಂದು ತಿಳಿದು ತಾನೂ ಕೈ ಆಡಿಸಿದ.

ಆಗ ಓಂಕಾರಮೂರ್ತಿಯವರ ಮಗಳು ಅರುಣಾ ಏರು ಹತ್ತಿ ನಡೆದುಬಂದಳು. ಅತ್ತು ಕೆಂಪಾದ ಕಣ್ಣು, ಕೈಯಲ್ಲಿ ಒಂದು ಕವರು. "ಅಪ್ಪ ಇದನ್ನ ಇವತ್ತು ಎಂಜಿನಿಯರಿಗೆ ಕೊಡ್ಬೇಕು ಅಂತ ನಿನ್ನೆ ಬರೆದಿಟ್ಟಿದ್ರು. ಅಮ್ಮ ಕಳಿಸಿದ್ರು" ಅಂದಳು.

ಅಭಿರಾಮ ಬಿಡಿಸಿ ಓದಿದ.

"ಮಾನ್ಯರೇ, ನಾನು ಬೇರೆ ದಾರಿ ಸೂಚಿಸುವುದಿಲ್ಲ. ವಿಷ್ಣುಮೂರ್ತಿಗಳು ತೋರಿಸಿರುವ ಕ್ಯೂರಿಂಗ್ ಹಿಂದಿನ ದಾರಿಯೇ ಸರಿಯಾದದ್ದು. ನಾನು ಗರಡಿ ಏರನ್ನು ಇಳಿಯದೆ ಹತ್ತುತ್ತೇನೆ ಎಂದು ಊರು ನಂಬಿದೆ. ಅದು ಸುಳ್ಳು. ತಿರುವಿನಲ್ಲಿ, ಸಿಲ್ವರ್ ಮರಗಳ ಮರೆಯಲ್ಲಿ, ಕೆಳಗಿನವರಿಗೂ ಮೇಲಿನವರಿಗೂ ಕಾಣದ ಜಾಗವೊಂದಿದೆ. ದಿನವೂ ಅಲ್ಲಿ ಇಳಿದು ತಳ್ಳಿ, ಆಚೆ ಮತ್ತೆ ಹತ್ತುತ್ತಿದ್ದೆ. ವಿಷ್ಣುಮೂರ್ತಿಗಳು ಎಲ್ಲರೆದುರು ನಿರಾಳವಾಗಿ ತಳ್ಳಿಕೊಂಡು, ಜನರೊಡನೆ ಮಾತಾಡುತ್ತಾ ಹೋಗುವುದನ್ನು ಕಂಡು ಮೂವತ್ತೆರಡು ವರ್ಷ ಹೊಟ್ಟೆಕಿಚ್ಚು ಪಟ್ಟಿದ್ದೇನೆ. ಯಾರಾದರೂ ಗರಡಿ ಏರೇ ಬೇಕೆಂದು ಹಟ ಹಿಡಿದರೆ, ನಮ್ಮ ವಯಸ್ಸಿನವರೊಬ್ಬರು ಇಳಿಯದೆ ಹತ್ತಿ ತೋರಿಸಲಿ. ತೋರಿಸಿದರೆ ಅಲ್ಲೇ ಮಾಡಿ, ನನ್ನ ತಕರಾರಿಲ್ಲ. ಆದರೆ ಅಂಥವರು ಈ ಊರಲ್ಲಿಲ್ಲ."

ಅಭಿರಾಮ ಕಾಗದ ಮಡಿಸಿ, "ಹಾಗಾದ್ರೆ ಅವರದೂ ತಕರಾರಿಲ್ಲ" ಅಂದ.

"ಅದಲ್ಲ ಅದರ ಅರ್ಥ" ಎಂದು ಮೇಷ್ಟ್ರು ಉಸಿರು ಹುಡುಕಿಕೊಂಡು ಹೇಳಿದರು. "ನಾನು ಹತ್ತಿದ್ದು ಕಾಲಿನಿಂದಲ್ಲ ಎಂಜಿನಿಯರೇ."

"ಮತ್ತೆ ಎಂಥದ್ರಿಂದ ಸರ್?"

ಇಷ್ಟು ಜನರ ಮುಂದೆ, ಅರುಣಾಳ ಕೆಂಪು ಕಣ್ಣಿನ ಮುಂದೆ, ಅದನ್ನು ಹೇಗೆ ಹೇಳುವುದು? ಮೇಷ್ಟ್ರು ತಲೆ ತಗ್ಗಿಸಿದರು. ಆ ಹೊತ್ತಿಗೆ ಕಲ್ಲಮ್ಮ ಮೂಟೆಯ ಸೈಕಲ್ಲನ್ನು ತಳ್ಳುತ್ತಾ ಮೇಲೆ ಬಂದಳು. ಉಮೇಶ್ ವಿಷಯ ಹೇಳಿದ. ಅವಳು ಮೇಷ್ಟ್ರನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಚೆನ್ನಾಗಿ ತೋರಿಸಿಕೊಟ್ರಿ ಮೇಷ್ಟ್ರೇ" ಎಂದಷ್ಟೇ ಹೇಳಿ ಗೇಟಿನೊಳಗೆ ಹೋದಳು.

ಸಂಜೆ ನಾಲ್ಕಕ್ಕೆ ಓಂಕಾರಮೂರ್ತಿಯವರನ್ನು ಗುಡ್ಡದ ಮಗ್ಗುಲಲ್ಲಿ ಮಣ್ಣಿಗೆ ಇಳಿಸಿದರು. ಜನರೆಲ್ಲ ಹೋದ ಮೇಲೂ ಮೇಷ್ಟ್ರು ಉಳಿದರು; ತೊಡೆಗಳು ನಡೆಯಲು ಬಿಡುತ್ತಿರಲಿಲ್ಲ ಎಂಬುದೂ ಒಂದು ಕಾರಣ. ಹಸಿ ಮಣ್ಣಿನ ಮುಂದೆ ಕುಳಿತು, ಒಂದು ಹಿಡಿ ಮಣ್ಣು ಸಮ ಮಾಡಿದರು. "ಒಂದು ದಿನ ಹೇಳಬಾರದಿತ್ತೇ ಮಾರಾಯ್ರೇ" ಎಂದರು. "ಇಬ್ಬರೂ ಜೊತೆಗೆ ತಳ್ಳಬಹುದಿತ್ತು." ಕಣ್ಣು ಮುಚ್ಚಿ ಕೈ ಮುಗಿದರು.

ಹರಿಯೇ, ಹರನೇ, ಯಾರು ಕೇಳಿಸಿಕೊಳ್ಳುತ್ತೀರೋ ಕೇಳಿಸಿಕೊಳ್ಳಿ. ಈ ಜೀವಕ್ಕೆ ಶಾಂತಿ ಕೊಡಿ. ಇವರು ಹೊರಟ ದಾರಿಯಲ್ಲಿ ಏರು ಇಲ್ಲದಿರಲಿ. ಇದ್ದರೂ, ಇಳಿದು ತಳ್ಳಿದರೆ ನಗುವವರು ಯಾರೂ ಇಲ್ಲದಿರಲಿ.